ಕಮಾಂಡೋ ಚೂರಿ: ಯುದ್ಧಕಾಲದ್ದೋ, ಆಮೇಲಿನದ್ದೋ? ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಡುವುದು ಹೇಗೆ? (ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರಿದೆ.)

ಬೈತಖೋಲ್ ದಂಡೆ

ಕಾರವಾರದಲ್ಲಿ ಒಂದು ಹಳೆಯ ಮನೆಯ ಸಾಮಾನಿನ ಜೊತೆ ಬ್ರಿಟಿಷ್ ಕಮಾಂಡೋಗಳ ಫೇರ್‌ಬೇರ್ನ್-ಸೈಕ್ಸ್ ಚೂರಿಯೊಂದು ಮಾರಾಟಕ್ಕಿದೆ. "ಎರಡನೇ ಮಹಾಯುದ್ಧದ್ದು, ಮೂರನೇ ಮಾದರಿ" ಎಂದು ಹೇಳುತ್ತಿದ್ದಾರೆ. ಅಳೆದದ್ದು ಹೀಗಿದೆ: ಅಲಗು 16.2 ಸೆಂ.ಮೀ., ಎರಡೂ ಕಡೆ ಬಾಯಿ, ನಡುವೆ ಉದ್ದಕ್ಕೂ ಎದ್ದ ಏಣು. ಹಿಡಿಗೆ ಸುತ್ತಲೂ ಉಂಗುರದಂಥ ಗೆರೆಗಳು. ಹಿಡಿಗೂ ಅಲಗಿಗೂ ನಡುವಿನ ಕೈತಡೆ ನೇರ, ಮೊಟ್ಟೆಯಾಕಾರ. ಅದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ಇಂಗ್ಲೆಂಡ್" ಎಂದು ಒತ್ತಿದ ಮುದ್ರೆ. ಹಿಡಿಯಲ್ಲಿ ಕಪ್ಪು ಬಣ್ಣ ಹೋದ ಕಡೆ ಒಂದಿಷ್ಟು ಕೆಂಪು, ಒಂದಿಷ್ಟು ಬೂದು. ಚರ್ಮದ ಒರೆ ಇದೆ, ತುದಿಯ ಹಿತ್ತಾಳೆ ಟೊಪ್ಪಿಗೆಗೆ ಹಸಿರು ಮೇಣದಂಥದ್ದು ಮೆತ್ತಿಕೊಂಡಿದೆ, ಇಲಾಸ್ಟಿಕ್ ಪಟ್ಟಿ ಸತ್ತುಹೋಗಿದೆ.

ಇದು ಯಾವ ಕಾಲದ್ದು? ಹುಣಸೆಹಣ್ಣು ಹಾಕಿ ತೊಳೆಯಬಹುದಾ? ಜೂನ್ ಹತ್ತಿರ ಬಂತು, ಎಲ್ಲಿ ಇಡಬೇಕು?

ಒರೆಗಲ್ಲು

ಮೊದಲು ತೊಳೆಯುವ ಮಾತು ಬಿಡಿ. ಹುಣಸೆಹಣ್ಣು ಮುಟ್ಟಿಸಲೇಬೇಡಿ, ಕಾರಣ ಕೆಳಗೆ ಬರುತ್ತದೆ.

ಫೇರ್‌ಬೇರ್ನ್ ಮತ್ತು ಸೈಕ್ಸ್ ಇಬ್ಬರೂ ಶಾಂಘೈ ಮುನ್ಸಿಪಲ್ ಪೊಲೀಸ್‌ನಲ್ಲಿ ಇದ್ದವರು. 1940ರ ನವೆಂಬರ್‌ನಲ್ಲಿ ಲಂಡನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯ ಜೊತೆ ಕೂತು ವಿನ್ಯಾಸ ತೀರ್ಮಾನಿಸಿದರು, 1941ರ ಆರಂಭದಲ್ಲಿ ಚೂರಿ ತಯಾರಾಗಿ ಬಂತು. ಸಂಗ್ರಾಹಕರು ಮಾಡುವ ಮೂರು ವಿಂಗಡಣೆ ಹೀಗೆ.

ಮೊದಲ ಮಾದರಿಯ ಕೈತಡೆ ಎಸ್ ಆಕಾರದಲ್ಲಿ ಬಾಗಿರುತ್ತದೆ. ಅಲಗಿನ ಬುಡದಲ್ಲಿ ಚಪ್ಪಟೆ ಜಾಗ ಬಿಟ್ಟು ಒಂದು ಕಡೆ ಕಂಪನಿಯ ಗುರುತು, ಇನ್ನೊಂದು ಕಡೆ ಚೂರಿಯ ಹೆಸರು ಕೊರೆದಿರುತ್ತಾರೆ. ಹಿಡಿ ಹಿತ್ತಾಳೆಯದು, ಮೈಮೇಲೆ ಚೌಕುಳಿ ಕೆತ್ತನೆ. 1942ರಲ್ಲಿ ಬಂದ ಎರಡನೇ ಮಾದರಿಯಲ್ಲಿ ಚೌಕುಳಿ ಹಿಡಿ ಹಾಗೆಯೇ ಉಳಿಯಿತು, ಕೈತಡೆ ನೇರವಾಯಿತು, ಬುಡದ ಚಪ್ಪಟೆ ಜಾಗ ಹೋಯಿತು. 1943ರಿಂದ ಮೂರನೆಯದು: ಅಚ್ಚಿನಲ್ಲಿ ಎರಕ ಹೊಯ್ದ ಮಿಶ್ರಲೋಹದ ಹಿಡಿ, ಸುತ್ತ ಉಂಗುರಗಳು. ಹಿತ್ತಾಳೆ ಉಳಿಸಬೇಕಿತ್ತು, ಬೇಗ ಬೇಗ ಮಾಡಬೇಕಿತ್ತು.

ನಿಮ್ಮದರಲ್ಲಿ ಉಂಗುರದ ಹಿಡಿ, ಕೆಂಪು ಮತ್ತು ಬೂದು ಎರಡೂ ಕಾಣುತ್ತಿದೆ ಅಂದರೆ ಸತುವಿನ ಮಿಶ್ರಲೋಹಕ್ಕೆ ತಾಮ್ರದ ಲೇಪ, ಅದರ ಮೇಲೆ ಕಪ್ಪು. ಆಕಾರದಿಂದ ಮೂರನೇ ಮಾದರಿಯೇ ಹೌದು. ಆದರೆ ಈ ಆಕಾರ ಯುದ್ಧದ ಜೊತೆ ನಿಲ್ಲಲಿಲ್ಲ, ಆಮೇಲೆ ದಶಕಗಳ ಕಾಲ ತಯಾರಾಗಿದೆ. "ಇಂಗ್ಲೆಂಡ್" ಎಂಬ ಮುದ್ರೆ ಹೊರದೇಶಕ್ಕೆ ಮಾರುವ ಸರಕಿಗೆ ಬೇಕಾದದ್ದು, ಸೈನ್ಯಕ್ಕೆ ಕೊಡುವ ಮಾಲಿಗೆ ಯಾವ ದೇಶದ್ದು ಎಂದು ಬರೆಯುವ ಅಗತ್ಯವಿಲ್ಲ. ಆದ್ದರಿಂದ ಇದನ್ನು ಯುದ್ಧಾನಂತರದ ವ್ಯಾಪಾರಿ ತಯಾರಿಕೆ ಎಂದೇ ನೋಡಬೇಕು. ನಕಲಿ ಅಲ್ಲ, ಇಂಗ್ಲೆಂಡಿನ ಮಾಲೇ. ಆದರೆ ಯುದ್ಧಕಾಲದ ಬೆಲೆ ಕೊಡುವಂಥದ್ದಲ್ಲ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನೀವು ಅಳತೆ ಕೊಟ್ಟದ್ದರಿಂದ ಗೊತ್ತಾಯಿತು. ಈ ಚೂರಿಯ ಅಲಗು ಸುಮಾರು 7 ಇಂಚು, ಅಂದರೆ ಹದಿನೇಳೂವರೆ ಸೆಂ.ಮೀ. ಆಸುಪಾಸು. ಕಾಲು ಇಂಚು ಹೆಚ್ಚುಕಡಿಮೆ ಸಹಜ. ನಿಮ್ಮದು 16.2. ಈ ಚೂರಿಯ ಮೊನೆ ಬಹಳ ತೆಳು, ಮುರಿಯುವುದು ಸಾಮಾನ್ಯ, ಮುರಿದ ಮೇಲೆ ಸಾಣೆ ಹಿಡಿದು ಹೊಸ ಮೊನೆ ಮಾಡುತ್ತಾರೆ. ಅಲಗನ್ನು ಬೆಳಕಿಗೆ ಅಡ್ಡ ಹಿಡಿದು ಕೊನೆಯ 4 ಸೆಂ.ಮೀ. ನೋಡಿ. ನಡುವಿನ ಏಣು ನೇರವಾಗಿ ಮೊನೆಯವರೆಗೆ ಹೋಗಬೇಕು. ತುದಿಯಲ್ಲಿ ಏಣು ಮಸುಕಾಗಿದ್ದರೆ, ಅಂಚಿನ ಗೆರೆ ಥಟ್ಟನೆ ಒಳಕ್ಕೆ ತಿರುಗಿದ್ದರೆ ಮೊನೆ ತಿದ್ದಿದ್ದಾರೆ.

ಯಾಣದ ಕಲ್ಲು

ಒರೆಗಲ್ಲು ಅವರು ಹೇಳಿದ್ದಕ್ಕೆ ಮುದ್ರೆಯ ಬಗ್ಗೆ ಒಂದು ಸೇರಿಸುತ್ತೇನೆ. ಮುದ್ರೆ ಏನು ಹೇಳುತ್ತದೆ ಎನ್ನುವುದಕ್ಕಿಂತ ಮುದ್ರೆ ಹೇಗೆ ಕೂತಿದೆ ಎನ್ನುವುದು ದೊಡ್ಡದು. 10 ಪಟ್ಟು ದೊಡ್ಡದು ಮಾಡುವ ಅಕ್ಕಸಾಲಿಗರ ಕನ್ನಡಿ ಸಾಕು.

ಉಕ್ಕಿನ ಅಚ್ಚು ಹೊಡೆದಾಗ ಲೋಹ ಪಕ್ಕಕ್ಕೆ ಸರಿಯುತ್ತದೆ, ಅಕ್ಷರದ ಸುತ್ತ ಸಣ್ಣ ಏರು ಏಳುತ್ತದೆ. ಬೆರಳುಗುರಿಗೆ ಸಿಗುತ್ತದೆ. ಆಮೇಲೆ ಯಾರಾದರೂ ಮೈ ಉಜ್ಜಿದ್ದರೆ ಆ ಏರು ಹೋಗಿ ಅಕ್ಷರ ಮಾತ್ರ ಉಳಿದಿರುತ್ತದೆ, ಅದೂ ಒಂದು ಸುಳಿವು. ವಿದ್ಯುತ್ತಿನಿಂದಲೋ ಆಮ್ಲದಿಂದಲೋ ಕೊರೆದದ್ದಕ್ಕೆ ಏರು ಇರುವುದಿಲ್ಲ, ತಳ ಒರಟಾಗಿ ಒಂದೇ ಆಳದಲ್ಲಿರುತ್ತದೆ. ಅಸಲಿ ತುಣುಕಿನಿಂದ ಅಚ್ಚು ತೆಗೆದು ಎರಕ ಹೊಯ್ದದ್ದರಲ್ಲಿ ಅಕ್ಷರದ ಅಂಚು ಕರಗಿದ ಬೆಲ್ಲದ ಹಾಗೆ ದುಂಡಗಾಗಿರುತ್ತದೆ.

ವಯಸ್ಸು ಕೂಡ ಮುದ್ರೆಯ ಒಳಗೇ ಗೊತ್ತಾಗುತ್ತದೆ. ಮೈಯ ಬಣ್ಣ ಅಕ್ಷರದ ಗುಂಡಿಯೊಳಗೂ ಹಾಗೆಯೇ ಮುಂದುವರಿದಿರಬೇಕು. ಮೈ ಕಂದು, ಗುಂಡಿ ಮಾತ್ರ ಹೊಳಪು ಅಂದರೆ ಮುದ್ರೆ ಹೊಸದು. ಎಲ್ಲ ಕಡೆ ಒಂದೇ ಸಮ ಕಿತ್ತಳೆ ತುಕ್ಕು, ಕೈತಡೆಯ ಅಡಿಯಲ್ಲೂ ಅದೇ ಅಂದರೆ ಆಮ್ಲ ಹಾಕಿ ಹಳತು ಮಾಡಿದ್ದು. ನಿಜವಾಗಿ ಹಳೆಯದಾದದ್ದು ಏರುಪೇರಾಗಿಯೇ ಇರುತ್ತದೆ: ಕೈ ತಾಗುವಲ್ಲಿ ನಯ, ಒರೆ ತಾಗುವಲ್ಲಿ ಉದ್ದ ಗೀರು, ಸಂದಿಯಲ್ಲಿ ಕಪ್ಪು.

ಅಯಸ್ಕಾಂತ ಹಿಡಿದು "ಹಿಡಿ ಅಂಟಿತು, ಆದ್ದರಿಂದ ನಕಲಿ" ಎಂದು ತಳ್ಳಬೇಡಿ. ಅಲಗಿನ ಬಾಲ ಹಿಡಿಯೊಳಗೆ ತುದಿಯವರೆಗೂ ಹೋಗಿ ಅಲ್ಲಿ ಸಣ್ಣ ನಟ್ಟಿನಿಂದ ಬಿಗಿಯಾಗಿದೆ, ಆ ಉಕ್ಕು ಹೊರಗಿನಿಂದಲೂ ಸ್ವಲ್ಪ ಎಳೆಯುತ್ತದೆ. ಬಲವಾಗಿ ಕಚ್ಚಿಕೊಂಡರೆ ಮಾತ್ರ ಅನುಮಾನ. ಆ ನಟ್ಟು ಬಿಚ್ಚಲು ಹೋಗಬೇಡಿ. ಹಳೆಯ ಬಿಗಿ ಒಮ್ಮೆ ಕಳಚಿದರೆ ಹಿಡಿ ಅಲುಗಾಡಲು ಶುರುವಾಗುತ್ತದೆ, ಸತುವಿನ ಹಿಡಿ ಬಿರುಕು ಬಿಡಲೂಬಹುದು.

ಸದಾಶಿವಗಡ

ಇದರ ಜೊತೆ ಒಂದು ಕಥೆ ಮಾರುತ್ತಿದ್ದಾರಾ ಕೇಳಿ ನೋಡಿ. ನಮ್ಮ ಕಡೆ ಎರಡು ಕಥೆ ಬಲು ಸುಲಭವಾಗಿ ಅಂಟಿಸಬಹುದು. ಒಂದು, 1943ರ ಮಾರ್ಚ್ 9ರಂದು ಮುರ್ಮುಗೋವಾ ಬಂದರಿನಲ್ಲಿ ಜರ್ಮನ್ ಹಡಗು ಎಹ್ರೆನ್‌ಫೆಲ್ಸ್ ಮೇಲೆ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಸ್ವಯಂಸೇವಕ ಪಡೆಯವರು ನಡೆಸಿದ ದಾಳಿ. ಇನ್ನೊಂದು, 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ವೇಳೆ ನಮ್ಮ ಎದುರಿಗೇ ಅಂಜದೀವ್ ದ್ವೀಪದಲ್ಲಿ ಭಾರತೀಯ ನೌಕಾಪಡೆ ಇಳಿದದ್ದು. ಎರಡೂ ನಡೆದ ಘಟನೆಗಳು. ಆದರೆ ಚೂರಿಗೂ ಘಟನೆಗೂ ನಡುವೆ ಕಾಗದ ಬೇಕು: ವ್ಯಕ್ತಿಯ ಸೇವಾ ದಾಖಲೆ, ಆ ಕಾಲದ ಪತ್ರ, ಚೂರಿ ಕಾಣುವ ಫೋಟೊ. ಇಲ್ಲದಿದ್ದರೆ ಲೋಹಕ್ಕೆ ಮಾತ್ರ ಬೆಲೆ ಕೊಡಿ. ಅದರಲ್ಲೂ ಅಂಜದೀವ್‌ನಲ್ಲಿ ಏಳು ನಾವಿಕರು ಜೀವ ಕೊಟ್ಟಿದ್ದಾರೆ, ಆ ಹೆಸರನ್ನು ದರ ಏರಿಸಲು ಬಳಸುವುದು ಸರಿಯಲ್ಲ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಅನುಸೂಚಿಯಲ್ಲಿ ಐದನೇ ವರ್ಗ ಓದಿ. ಖಡ್ಗ, ಕಠಾರಿ, ಬಯೊನೆಟ್, ಭರ್ಜಿ, ಕಿರ್ಪಾನ್ ಮತ್ತು ಕುಕ್ರಿ ಸೇರಿದ ಚಾಕುಗಳು, ಅಂಥದೇ ಇತರ ಆಯುಧಗಳು ಎಂದು ಹೆಸರಿಸಿ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಎಂಬ ಮಾತು ಬರುತ್ತದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದ್ದು ಹೊರಗೆ. ಮೆಟ್ಟುಗತ್ತಿ, ಕೊನೆ ಕೊಯ್ಯುವ ಕತ್ತಿಗೆ ತೊಂದರೆ ಇಲ್ಲ ಎನ್ನುವುದು ಇದರಿಂದಲೇ. ಆದರೆ ಎರಡು ಬಾಯಿಯ ಕಮಾಂಡೋ ಚೂರಿ ಮನೆಗೆಲಸದ್ದು ಎಂದು ಯಾರೂ ಒಪ್ಪುವುದಿಲ್ಲ. ಅಲಗು 9 ಇಂಚಿಗಿಂತ ಗಿಡ್ಡ, ಆದ್ದರಿಂದ ನಿಶ್ಚಿಂತೆ ಎಂದು ಕೂರಬೇಡಿ, ಕಠಾರಿ ಎಂಬ ಹೆಸರೇ ಪಟ್ಟಿಯಲ್ಲಿದೆ.

ಕಾಯ್ದೆಯ ಕಲಂ 4ರ ಪ್ರಕಾರ ಇಂಥ ಆಯುಧ ಹೊಂದಲು ಪರವಾನಗಿ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ. ಆದ್ದರಿಂದ ಕೊಳ್ಳುವ ಮೊದಲು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ ಬರವಣಿಗೆಯಲ್ಲಿ ಕೇಳಿ, ಉತ್ತರದ ಪ್ರತಿ ಚೂರಿಯ ಜೊತೆ ಇಡಿ. ಬಂದೂಕು ಪರವಾನಗಿಯಿಂದ ಕೊಡಗಿನವರಿಗೆ ಇರುವ ವಿನಾಯಿತಿಯನ್ನು ಇಲ್ಲಿ ಉದಾಹರಿಸಬೇಡಿ, ಅದು ನಮಗೆ ಅನ್ವಯಿಸದು. ವಿದೇಶದಿಂದ ಅಂಚೆಯಲ್ಲಿ ತರಿಸುವ ಯೋಚನೆ ಇದ್ದರೆ ಕಲಂ 10ರ ಆಮದು ಪರವಾನಗಿ ನೋಡಿಕೊಳ್ಳಿ. ಸೊಂಟಕ್ಕೆ ಕಟ್ಟಿಕೊಂಡು, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡು ತಿರುಗುವುದಂತೂ ಬೇಡವೇ ಬೇಡ.

ಶಿರಸಿ ಘಟ್ಟ

ನಮ್ಮ ಕಡೆ ಕಮಾಂಡೋ ಚೂರಿಗಿಂತ ಹೆಚ್ಚಾಗಿ ಕೈಗೆ ಸಿಗುವುದು ಹಳೆಯ ಬಯೊನೆಟ್ ಮತ್ತು ಕುಕ್ರಿ. ಹೊಸದಾಗಿ ಶುರು ಮಾಡುವವರು ಅಲ್ಲಿಂದಲೇ ಶುರು ಮಾಡಿದರೆ ಒಳ್ಳೆಯದು, ಯಾಕೆಂದರೆ ಅವುಗಳ ಮೇಲೆ ಓದಲು ಬಹಳ ಇದೆ.

ಬ್ರಿಟಿಷ್ ಸೈನ್ಯದ 1907ರ ಮಾದರಿಯ ಬಯೊನೆಟ್ ತೆಗೆದುಕೊಳ್ಳಿ. ಅಲಗು 17 ಇಂಚು. ಅಲಗಿನ ಬುಡದ ಒಂದು ಕಡೆ ಕಿರೀಟ, ರಾಜನ ಹೆಸರಿನ ಅಕ್ಷರ, 1907 ಎಂಬ ಅಂಕಿ, ಅದರ ಕೆಳಗೆ ತಿಂಗಳು ಮತ್ತು ವರ್ಷ, ಆಮೇಲೆ ಮಾಡಿದವರ ಹೆಸರು. 1907 ಅಂದರೆ ಮಾದರಿಯ ವರ್ಷ, ತಯಾರಾದ ವರ್ಷವಲ್ಲ. ಮಾರುವವರಲ್ಲಿ ಅರ್ಧ ಜನ ಇದನ್ನೇ ತಪ್ಪು ಹೇಳುತ್ತಾರೆ. ಕೆಳಗಿನ ಸಣ್ಣ ಅಂಕಿಯೇ ನಿಜವಾದ ತಾರೀಕು. ಇನ್ನೊಂದು ಕಡೆ ಸರ್ಕಾರದ ಸ್ವತ್ತು ಎಂದು ಹೇಳುವ ಅಗಲ ಬಾಣದ ಗುರುತು, ಬಾಗಿಸಿ ಪರೀಕ್ಷೆ ಮಾಡಿದ್ದಕ್ಕೆ ಗುಣಾಕಾರ ಚಿಹ್ನೆ, ತಪಾಸಣೆಯ ಮುದ್ರೆಗಳು. ಬಾಣದ ಕೆಳಗೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಅದು ಭಾರತ ಸರ್ಕಾರದ ಮಾಲು.

ಆರಂಭದವಕ್ಕೆ ಕೈತಡೆಯಲ್ಲಿ ಕೊಕ್ಕೆ ಇತ್ತು, 1913ರಲ್ಲಿ ಕೈಬಿಟ್ಟರು, ಎಷ್ಟೋ ಹಳೆಯವುಗಳ ಕೊಕ್ಕೆಯನ್ನೂ ಕತ್ತರಿಸಿದರು. ಹಾಗಾಗಿ ಕೊಕ್ಕೆ ಇರುವುದಕ್ಕೆ ಬೆಲೆ ಜಾಸ್ತಿ, ಬೆಲೆ ಜಾಸ್ತಿಯಾದ್ದರಿಂದ ಕೊಕ್ಕೆ ಬೆಸುಗೆ ಹಾಕುವವರೂ ಇದ್ದಾರೆ. ಬೆಸುಗೆಯ ಗೆರೆ, ಬಣ್ಣದ ವ್ಯತ್ಯಾಸ ನೋಡಿ. ಹಿಡಿಯ ತುದಿಯಲ್ಲಿ ಕಸ ಹೊರಹೋಗುವ ತೂತು ಬಂದದ್ದು 1916ರಲ್ಲಿ, ಹಳೆಯವಕ್ಕೂ ಆಮೇಲೆ ತೂತು ಕೊರೆದದ್ದುಂಟು.

ಅಲಗು 12 ಇಂಚು ಮಾತ್ರ ಇದ್ದರೆ ಯಾರೋ ಮುರಿದದ್ದು ಎಂದು ಬಿಡಬೇಡಿ. ಎರಡನೇ ಯುದ್ಧದ ಹೊತ್ತಿಗೆ ಭಾರತದಲ್ಲಿ ಉದ್ದದ ಬಯೊನೆಟ್ ಕಡಿದು 12 ಇಂಚು ಮಾಡಿದರು, ಅದರಲ್ಲಿ ಹಳೆಯ ತೋಡು (ಅಲಗಿನ ಮೈಯಲ್ಲಿ ಉದ್ದಕ್ಕೂ ಕೊರೆದ ಕಾಲುವೆ) ಮೊನೆಯವರೆಗೂ ಓಡುತ್ತದೆ. ಆಮೇಲೆ ಹೊಸದಾಗಿಯೇ 12 ಇಂಚಿಗೆ ಮಾಡಿದರು, ಅದರಲ್ಲಿ ತೋಡೇ ಇಲ್ಲ. ಇಂಗ್ಲಿಷಿನಲ್ಲಿ ಆರ್, ಎಫ್, ಐ ಎಂಬ ಮೂರಕ್ಷರ ಕಂಡರೆ ಅದು ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ. ಮರ, ಚರ್ಮ, ಉಕ್ಕು ಎಲ್ಲ ಒರಟು, ಯುದ್ಧದ ಅವಸರ ಎದ್ದು ಕಾಣುತ್ತದೆ. ನನಗೆ ಶೆಫೀಲ್ಡಿನ ನಯವಾದ ಮಾಲಿಗಿಂತ ಇದೇ ಹೆಚ್ಚು ಮಾತಾಡುತ್ತದೆ ಅನ್ನಿಸುತ್ತದೆ.

ಒಂದು ಎಚ್ಚರ: 1917ರಲ್ಲಿ ತಯಾರಾದ ಬಯೊನೆಟ್ ಈಗ ನೂರು ವರ್ಷ ದಾಟಿದೆ. 1972ರ ಪುರಾವಸ್ತು ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ, ಹೊರದೇಶಕ್ಕೆ ಕಳಿಸುವ ಹಾಗಿಲ್ಲ, ಅಂಥದ್ದನ್ನು ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು.

ಬೈತಖೋಲ್ ದಂಡೆ

ಬಹಳ ಉಪಕಾರ. ಕಥೆ ಹೇಳಿದ್ದು ನಿಜ, ಮುರ್ಮುಗೋವಾದ್ದೇ. ಇನ್ನು ಇಡುವುದರ ಬಗ್ಗೆ ಹೇಳಿ. ಕೊಬ್ಬರಿ ಎಣ್ಣೆ ಸವರಿ ಒರೆಯಲ್ಲಿ ಹಾಕಿ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ತುಕ್ಕು ಬಾರದು ಎಂದು ಒಬ್ಬರು ಹೇಳಿದರು.

ಅಘನಾಶಿನಿ

ಅದರಲ್ಲಿ ಮೂರೂ ತಪ್ಪು. ಒಂದೊಂದೇ ಹೇಳುತ್ತೇನೆ.

ಕೊಬ್ಬರಿ ಎಣ್ಣೆ ಗಾಳಿಗೆ ಕನರುತ್ತದೆ, ಕನರಿದಾಗ ಕೊಬ್ಬಿನ ಆಮ್ಲ ಬಿಡುಗಡೆಯಾಗುತ್ತದೆ. ಅದು ಹಿತ್ತಾಳೆ, ತಾಮ್ರವನ್ನು ತಿಂದು ಹಸಿರು ಮಾಡುತ್ತದೆ. ನಿಮ್ಮ ಒರೆಯ ಟೊಪ್ಪಿಗೆಗೆ ಮೆತ್ತಿರುವ ಹಸಿರು ಮೇಣ ಇಂಥದೇ: ಚರ್ಮದೊಳಗಿನ ಕೊಬ್ಬು ಹಿತ್ತಾಳೆಯ ಜೊತೆ ಸೇರಿ ಆದದ್ದು.

ಒರೆ ಅಂದರೆ ಸಾಗಿಸುವುದಕ್ಕೆ, ಕೂಡಿಡುವುದಕ್ಕಲ್ಲ. ಚರ್ಮ ಹದ ಮಾಡಿದ ಆಮ್ಲ, ಲವಣ ಅದರಲ್ಲಿ ಉಳಿದಿರುತ್ತದೆ, ಮಳೆಗಾಲದ ನೀರಂಶವನ್ನು ಅದೇ ಹೀರಿ ಅಲಗಿಗೆ ಒತ್ತಿ ಹಿಡಿಯುತ್ತದೆ. ಹೊರಗೆ ಚೆನ್ನಾಗಿ ಕಾಣುವ ಚೂರಿ ಒಳಗೆ ಗುಳಿ ಬಿದ್ದಿರುವುದು ಇದರಿಂದ. ಚೂರಿ ಬೇರೆ, ಒರೆ ಬೇರೆ, ಒಂದೇ ಸಂಖ್ಯೆಯ ಚೀಟಿ ಎರಡಕ್ಕೂ.

ಅಟ್ಟ ಒಣಗಿರುತ್ತದೆ, ನಿಜ. ಆದರೆ ಸೌದೆಯ ಹೊಗೆಯಲ್ಲಿ ವಿನೆಗರಿನಲ್ಲಿರುವ ಆಮ್ಲವೇ ಇದೆ. ಸತು, ಹಿತ್ತಾಳೆಗೆ ಅದು ವಿಷ. ಒಲೆ ಆರಿದ ರಾತ್ರಿ ತಣಿದು ಲೋಹದ ಮೇಲೆ ಇಬ್ಬನಿ ಕೂರುತ್ತದೆ, ಬೆಳಗ್ಗೆ ಮತ್ತೆ ಬಿಸಿ. ಅಡಿಕೆಗೆ ಒಗ್ಗುವ ಜಾಗ ಲೋಹಕ್ಕೆ ಒಗ್ಗುವುದಿಲ್ಲ.

ಹುಣಸೆಹಣ್ಣಿನದೂ ಇದೇ ಕಥೆ. ಹಿತ್ತಾಳೆ ಕೊಡ ದಪ್ಪಗಿರುತ್ತದೆ, ಉಜ್ಜಿದರೆ ನಡೆಯುತ್ತದೆ. ಇಲ್ಲಿ ತಾಮ್ರದ ಲೇಪ ಕಾಗದಕ್ಕಿಂತ ತೆಳು, ಕೆಳಗೆ ಸತು. ಹುಳಿ ಲೇಪದ ಸಂದಿಯಲ್ಲಿ ಇಳಿದು ಸತುವನ್ನು ಕರಗಿಸುತ್ತದೆ, ಆಮೇಲೆ ಬಿಳಿ ಪುಡಿ ಏಳುತ್ತಲೇ ಇರುತ್ತದೆ. ಉಪ್ಪು ಸೇರಿಸಿ ಉಜ್ಜಿದರೆ ಇನ್ನೂ ಕೆಟ್ಟದ್ದು.

ಮಾಡಬೇಕಾದದ್ದು ಹೀಗೆ. ಹತ್ತಿಯ ಇಲ್ಲವೇ ನೈಟ್ರೈಲ್ ಕೈಗವಸು ಹಾಕಿ, ಬೆರಳಿನ ಬೆವರು ಸಾಕು ಕಲೆ ಬೀಳಲು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಅಲಗನ್ನು ಒರೆಸಿ. ಇದು ಕಡಲ ಗಾಳಿಯ ಉಪ್ಪು ತೆಗೆಯಲು, ಎಣ್ಣೆಯಿಂದ ಉಪ್ಪು ಹೋಗುವುದಿಲ್ಲ. ಕೂಡಲೇ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಇನ್ನೊಮ್ಮೆ ಒರೆಸಿ ಒಣಗಿಸಿ. ಬಣ್ಣ ಹಚ್ಚಿದ ಭಾಗಕ್ಕೆ ಆಲ್ಕೊಹಾಲ್ ಹಾಕುವ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ.

ಕೆಂಪು ತುಕ್ಕು ಇದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ, 24 ಗಂಟೆ ಬಿಡಿ. ಆಮೇಲೆ ಹಿತ್ತಾಳೆಯ ಚಪ್ಪಟೆ ತುಂಡಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಹಿತ್ತಾಳೆ ತುಕ್ಕಿಗಿಂತ ಗಟ್ಟಿ ಅಲ್ಲದಿದ್ದರೂ ಸಡಿಲಾದದ್ದನ್ನು ಎತ್ತುತ್ತದೆ, ಗಟ್ಟಿ ಉಕ್ಕಿಗೆ ಗೀರು ಹಾಕುವುದಿಲ್ಲ. ಕಪ್ಪು, ಕಂದು ಬಣ್ಣ ಗಟ್ಟಿಯಾಗಿ ಕೂತಿದ್ದರೆ ಅದನ್ನು ಬಿಡಿ, ಅದು ತುಕ್ಕು ನಿಂತದ್ದರ ಗುರುತು. ಮರಳು ಕಾಗದ, ಬಫ್ ಚಕ್ರ ಮುಟ್ಟಿಸಬೇಡಿ. ಆಚಾರಿಯ ಸಾಣೆಗೂ ಕೊಡಬೇಡಿ, ಕಾರ್ಖಾನೆ ಹಿಡಿದ ಸಾಣೆಯ ಗೆರೆ ಒಮ್ಮೆ ಹೋದರೆ ಮುಗಿಯಿತು.

ಕೊನೆಗೆ ಮೈಕ್ರೋಕ್ರಿಸ್ಟಲೈನ್ ಮೇಣ (ವಸ್ತುಸಂಗ್ರಹಾಲಯಗಳಲ್ಲಿ ಲೋಹಕ್ಕೆ ಹಚ್ಚುವಂಥದ್ದು), ಬೆರಳ ತುದಿಯಷ್ಟು. ತೆಳುವಾಗಿ ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಿ. ದಪ್ಪ ಹಚ್ಚಿದರೆ ಮುದ್ರೆಯ ಗುಂಡಿಯಲ್ಲಿ ಬಿಳಿಯಾಗಿ ನಿಲ್ಲುತ್ತದೆ. ಹಿಡಿಯ ಮೇಲೂ ಅದೇ ಮೇಣ ಸಾಕು.

ಯಾಣದ ಕಲ್ಲು

ಮೇಣ ಎಲ್ಲದಕ್ಕೂ ಸರಿ ಎಂದು ನಾನು ಹೇಳುವುದಿಲ್ಲ, ಅಘನಾಶಿನಿಯವರೇ. ಅಮೆರಿಕದ ಎಂ3 ಕಂದಕ ಚೂರಿಯಂಥದ್ದಕ್ಕೆ ಅಲಗಿನ ಮೇಲೆ ಫಾಸ್ಫೇಟಿನ ಬೂದು ಪದರ ಇರುತ್ತದೆ. ಅದು ಸಣ್ಣ ತೂತುಗಳ ಪದರ, ಎಣ್ಣೆ ಹಿಡಿದಿಟ್ಟುಕೊಳ್ಳಲಿಕ್ಕೇ ಮಾಡಿದ್ದು. ಅಲ್ಲಿ ಖನಿಜ ತೈಲವೇ ಮೇಲು.

ಅಘನಾಶಿನಿ

ಒಪ್ಪುತ್ತೇನೆ, ಅಲಗಿನ ಮಟ್ಟಿಗೆ. ಆದರೆ ಎಂ3 ಆಗಲಿ, ಅಮೆರಿಕದ ನೌಕಾಪಡೆ ಮತ್ತು ಮರೀನ್‌ಗಳ 7 ಇಂಚಿನ ಚೂರಿಯಾಗಲಿ, ಹಿಡಿ ಚರ್ಮದ ಬಿಲ್ಲೆಗಳನ್ನು ಪೋಣಿಸಿ ಮಾಡಿದ್ದು. ಎಣ್ಣೆ ಕೆಳಗಿಳಿದು ಬಿಲ್ಲೆಗೆ ತಾಗಿದರೆ ಮೆತ್ತಗಾಗಿ ಉಬ್ಬುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಬಿಲ್ಲೆಗಳ ನಡುವೆ ಸಂದಿ ಬಿಟ್ಟು, ಒಳಗಿನ ಉಕ್ಕಿಗೆ ತುಕ್ಕು ಹತ್ತುತ್ತದೆ. ಆದ್ದರಿಂದ ಎಣ್ಣೆ ಹಚ್ಚಿ ಅರ್ಧ ಗಂಟೆ ಮೊನೆ ಕೆಳಗೆ ಮಾಡಿ ನಿಲ್ಲಿಸಿ, ಹೆಚ್ಚಿನದನ್ನು ಒರೆಸಿ.

ಪೆಟ್ಟಿಗೆಯ ವಿಷಯ. ರಬ್ಬರ್ ಅಂಚಿನ, ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿ ಒಳ್ಳೆಯದು. ಪ್ಲೈವುಡ್ ಪೆಟ್ಟಿಗೆ ಬೇಡ, ಅಂಟಿನಿಂದ ಆವಿ ಬರುತ್ತದೆ, ಹೊಸ ಮರದಿಂದಲೂ ಆಮ್ಲ ಬರುತ್ತದೆ. ಹಳದಿ ಸ್ಪಂಜು, ಪತ್ರಿಕೆ ಕಾಗದ, ನುಸಿಗುಳಿಗೆ ಯಾವುದೂ ಬೇಡ. ತೊಳೆದ ಬಿಳಿ ಹತ್ತಿಬಟ್ಟೆ ಸಾಕು.

ತೇವ ಹೀರುವ ಸಿಲಿಕಾ ಜೆಲ್ ಹರಳಿನ ಲೆಕ್ಕ: ಒಂದು ಘನ ಮೀಟರ್ ಜಾಗಕ್ಕೆ 20 ಕಿಲೊ, ಅಂದರೆ 10 ಲೀಟರ್ ಡಬ್ಬಿಗೆ 200 ಗ್ರಾಂ. ಔಷಧಿ ಡಬ್ಬಿಯಲ್ಲಿ ಬರುವ ಎರಡು ಪುಡಿಕೆ ಹಾಕಿ ಆಯಿತು ಎಂದು ಬಿಡುವುದರಿಂದಲೇ ಹೆಚ್ಚಿನವರ ಸಂಗ್ರಹ ಹಾಳಾಗುವುದು. ಕಿತ್ತಳೆ ಬಣ್ಣದ್ದು ತನ್ನಿ, ನೀರು ಕುಡಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇದೆ, ಮನೆಯೊಳಗೆ ಒಳ್ಳೆಯದಲ್ಲ. ಹಸಿರಾದ ಮೇಲೆ ಓವನ್ನಿನಲ್ಲಿ 110ರಿಂದ 120 ಡಿಗ್ರಿ, ಎರಡು ಮೂರು ಗಂಟೆ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಬೇಡಿ, ಮುಚ್ಚಿದ ಬಾಟಲಿಯಲ್ಲಿ ತಣಿಸಿ ಹಾಕಿ.

ಉಕ್ಕು ಇಡುವ ಡಬ್ಬಿಯಲ್ಲಿ ತೇವಾಂಶ ಶೇ 40ಕ್ಕಿಂತ ಕೆಳಗೆ ಇರಲಿ. ಚರ್ಮ ಇಡುವ ಡಬ್ಬಿಯಲ್ಲಿ 45ರಿಂದ 55. ಅದಕ್ಕಿಂತ ಒಣಗಿಸಿದರೆ ಚರ್ಮ ಬಿರಿಯುತ್ತದೆ, 65 ದಾಟಿದರೆ ಬೂಸು. ಎರಡಕ್ಕೂ ಬೇರೆ ಬೇರೆ ಡಬ್ಬಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಶಿರಸಿ ಘಟ್ಟ

ತೇವಾಂಶ ತೋರಿಸುವ ಅಗ್ಗದ ಡಿಜಿಟಲ್ ಮೀಟರನ್ನು ಹಾಗೆಯೇ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು ಹನಿಸಿ, ಕರಗಿಹೋಗಬಾರದು. ಅದನ್ನೂ ಮೀಟರನ್ನೂ ಜಿಪ್ ಚೀಲದಲ್ಲಿ ಮುಚ್ಚಿ 12 ಗಂಟೆ ಬಿಡಿ. ಶೇ 75 ತೋರಿಸಬೇಕು. 80 ತೋರಿಸಿದರೆ ಓದಿದ್ದರಲ್ಲಿ 5 ಕಳೆಯಿರಿ.

ಬೈತಖೋಲ್ ದಂಡೆ

ಬೆಳಕಿಗೆ ಹಿಡಿದು ನೋಡಿಯಾಯಿತು. ತುದಿಯಿಂದ ಒಂದೂವರೆ ಸೆಂ.ಮೀ. ಒಳಗೆ ಏಣು ಮಸುಕಾಗಿದೆ, ಎರಡೂ ಅಂಚು ಅಲ್ಲಿಂದ ತಿರುಗಿವೆ. ಮುದ್ರೆಯ ಸುತ್ತ ಏರು ಇದೆ, ಒಳಗೂ ಮೈಯದೇ ಕಪ್ಪು. ಒರೆಯ ಎರಡೂ ಪಕ್ಕ ಹೊಲಿಗೆಯ ಹತ್ತಿರ ಚರ್ಮ ಕತ್ತರಿಸಿದ ಗುರುತಿದೆ, ಅದೇನು?

ಒರೆಗಲ್ಲು

ಅದು ಒಳ್ಳೆಯ ಸುದ್ದಿ. ಯುದ್ಧಕಾಲದ ಒರೆಗೆ ಪಕ್ಕದಲ್ಲಿ ಚರ್ಮದ ಕಿವಿಗಳಿದ್ದವು, ಬಟ್ಟೆಗೆ ಹೊಲಿದುಕೊಳ್ಳಲು. ಬೆಲ್ಟಿಗೆ ಹಾಕುವವರು ಅಡ್ಡಿ ಎಂದು ಕತ್ತರಿಸಿಬಿಡುತ್ತಿದ್ದರು. ಹಾಗಾಗಿ ಒರೆ ಚೂರಿಗಿಂತ ಹಳೆಯದಿರುವ ಸಾಧ್ಯತೆ ಇದೆ, ಆದರೆ ಕಿವಿಯಿರುವ ಒರೆ ಆಮೇಲೂ ಬಂದಿದೆ, ಅದೊಂದರಿಂದಲೇ ತೀರ್ಮಾನ ಬೇಡ. ಇಲಾಸ್ಟಿಕ್ ಹೊಸದು ಹಾಕಿಸಬೇಡಿ, ಸತ್ತದ್ದೇ ಇರಲಿ. ಹಸಿರು ಮೇಣವನ್ನು ಒಣ ಬಿದಿರುಕಡ್ಡಿಯಿಂದ ಎತ್ತಿ, ಲೋಹದ್ದು ಬೇಡ.

ದರ ಮಾತಾಡುವಾಗ ಹೀಗೆ ಹೇಳಿ: ಯುದ್ಧಾನಂತರದ ಚೂರಿ, ಮೊನೆ ತಿದ್ದಿದ್ದು, ಕಥೆಗೆ ಕಾಗದವಿಲ್ಲ, ಒರೆ ಪ್ರತ್ಯೇಕ. ಮಾರುವವರ ಸಹಿಯಿರುವ ರಸೀದಿಯಲ್ಲಿ ಅಳತೆ ಮತ್ತು ಮುದ್ರೆ ಎರಡನ್ನೂ ಬರೆಸಿಕೊಳ್ಳಿ. ಕೊಳ್ಳುವುದು ಸದಾಶಿವಗಡದವರು ಹೇಳಿದ ಉತ್ತರ ಕೈಗೆ ಬಂದ ಮೇಲೆ.

ಬೈತಖೋಲ್ ದಂಡೆ

ಹಾಗೇ ಮಾಡುತ್ತೇನೆ. ಅರ್ಜಿ ಸೋಮವಾರ ಕೊಡುತ್ತೇನೆ. ಅಲ್ಲಿಯವರೆಗೆ ಒರೆಯಿಂದ ತೆಗೆದು ಬಟ್ಟೆಯಲ್ಲಿ ಸುತ್ತಿಡಿ ಎಂದು ಆ ಮನೆಯವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ.